ಎಡೆಗೆ ಬಂದ ಬಾಳೆಹಣ್ಣು

ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬಿದ ದಿನ ಅವರ ತಂಗಿ ಕಲಬುರಗಿಯಿಂದ ರೈಲು ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿದಳು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಹೈದರಾಬಾದಿನಲ್ಲಿ ಬಾಳೆಹಣ್ಣು ಸಿಗುವುದಿಲ್ಲವಲ್ಲ, ಪಾಪ!

ಎಡೆಯ ಎಲೆಗೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ಬದುಕಿದ್ದಾಗ ಇನ್ನೊಂದು ವಡೆ ಕೇಳಿದರೆ ಬಿಪಿ ನೆನಪಿಸುವವರು, ಸತ್ತ ಮೇಲೆ ಬಹಳ ಧಾರಾಳಿಗಳು. ಅವಳು ಎರಡು ಹಣ್ಣು ಎಲೆಯ ಮೇಲಿಟ್ಟಳು.

“ತೆಗಿ, ನಿಮ್ಮಣ್ಣ ಬಾಳೆಹಣ್ಣು ತಿಂತಿರಲಿಲ್ಲ.”

“ಯಾರಂದ್ರು ವೈನಿ? ಸಣ್ಣಾಂವಿದ್ದಾಗ ನನ್ನ ಪಾಲಿಂದೂ ಕಸಗೊಂಡು ತಿಂತಿದ್ದ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ಗೊತ್ತಿಲ್ಲೇನ್ರಿ?”

ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಹೈದರಾಬಾದಿಗೆ ಬಂದು ಸನತ್‌ನಗರದಲ್ಲಿ ಮನೆ ಮಾಡಿದ ಗಂಡಸು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಮಳೆಗಾಲಕ್ಕೆ ಪಾರ್ಥೇನಿಯಂ ಎದೆಮಟ್ಟ ಬೆಳೆದು ಹೂ ಬಿಡುತ್ತಿತ್ತು. ಇವರು ಕಾರ್ಖಾನೆಯ ಸೈರನ್ನಿಗೆ ಪೈಪೋಟಿ ಕೊಟ್ಟು ಸೀನುತ್ತಿದ್ದರು. ಆ ದಿನಗಳಲ್ಲಿ ಬಾಳೆಹಣ್ಣೋ ಸೌತೆಕಾಯಿಯೋ ಕರಬೂಜವೋ ತಿಂದರೆ ತುಟಿ, ನಾಲಗೆ, ಗಂಟಲೆಲ್ಲ ತುರಿಕೆ. ಡಾಕ್ಟರು ಹೇಳಿದ್ದನ್ನು ಇವರು ಬಂದು ನನಗೆ ಒಪ್ಪಿಸಿದರು: ಪರಾಗದಲ್ಲಿರುವ ಪ್ರೋಟೀನಿನಂಥದ್ದೇ ಈ ಹಣ್ಣುಗಳಲ್ಲೂ ಇರುತ್ತದಂತೆ, ಪರಾಗ ಕಂಡರಾಗದ ಮೈ, ಹಣ್ಣನ್ನೂ ಅದೇ ಎಂದು ತಿಳಿದು ಹರಿಹಾಯುತ್ತದಂತೆ.

ನಾನು ಮಹಾ ವಿದ್ವಾಂಸೆ, ಹತ್ತನೇ ಇಯತ್ತೆ ಪಾಸು. “ಮೂಗಿಗೆ ಹೋಗೋ ಧೂಳಿಗೂ ಬಾಯಿಗೆ ಹಾಕೋ ಹಣ್ಣಿಗೂ ಏನ್ ಸಂಬಂಧರೀ? ಬೀಗರೇನು?” ಎಂದೆ. ಬಂದವರಿಗೆಲ್ಲ ಹೇಳಿ ನಗಿಸಿದೆ. ಒಮ್ಮೆ ಗಣಪತಿಯ ಪ್ರಸಾದದ ಹಣ್ಣನ್ನು ಕೈಗಿಟ್ಟು, ದೇವರ ಮುಂದೆ ನಾಟಕ ಬೇಡ ಎಂದೆ. ತಿಂದರು. ಸಂಜೆಯವರೆಗೂ ಬಾಯಿ ಮುಕ್ಕಳಿಸುತ್ತಿದ್ದರು. ಕೊನೆಗೆ ಅವರನ್ನು ಒಯ್ದದ್ದು ಹೃದಯಾಘಾತ, ಹಣ್ಣಲ್ಲ. ಅಷ್ಟು ಮಾತ್ರ ನನ್ನ ಪುಣ್ಯ.

ಇದನ್ನೆಲ್ಲ ನಾದಿನಿಗೆ ಹೇಳದೆ ಇರಬಹುದಿತ್ತು. ಹಣ್ಣು ಎಲೆಯ ಮೇಲೆ ಉಳಿಯುತ್ತಿತ್ತು, ನಾನು ಅವಳ ಕಣ್ಣಲ್ಲಿ ಒಳ್ಳೆಯ ಹೆಂಡತಿಯಾಗಿ ಉಳಿಯುತ್ತಿದ್ದೆ. ಯಾಕೋ ಹೇಳಿಬಿಟ್ಟೆ, ಪ್ರಸಾದದ ಕಥೆಯನ್ನೂ ಬಿಡದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

“ಮತ್ತ ಏನೂ ದಾರಿ ಇರಲಿಲ್ಲೇನ್ರಿ?”

“ಬೇಯಿಸಿ ಕೊಟ್ರ ಹೆಚ್ಚಾಗಿ ತ್ರಾಸ ಆಗೂದಿಲ್ಲ ಅಂತ ಡಾಕ್ಟರ್ ಅಂದಿದ್ರಂತ.”

“ಮಾಡಿ ಕೊಟ್ಟಿದ್ರೇನ್?”

“ಇಲ್ಲ.”

“ಅಂವಾ ಕೇಳಿದ್ನೇನ್?”

“ಎರಡು ಸಲ ಕೇಳಿದ್ರು, ಬಾಳೆಹಣ್ಣು ಹಾಕಿ ಶಿರಾ ಮಾಡು ಅಂತ.”

ಅವಳು ಎಲೆಯ ಮೇಲಿನ ಎರಡೂ ಹಣ್ಣು ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆಗೆ ಹೋದಳು.

“ರವಾ ಎಲ್ಲಿಟ್ಟೀರಿ, ವೈನಿ?”