ದೊಡ್ಡಪ್ಪ ಹೊಲಿದ ಹೆಲಿಕಾಪ್ಟರ್

ನಮ್ಮ ದೊಡ್ಡಪ್ಪನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅಳತೆ ನೆನಪಿರುತ್ತದೆ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಒಂದು ಗಳಿಗೆ ತಬ್ಬಿಬ್ಬಾಗಿ, ಅವರ ಹೆಗಲಿನ ಮೇಲೆ ಕಣ್ಣಾಡಿಸಿ, "ಓ, ಹದಿನೆಂಟೂವರೆ! ಚೆನ್ನಾಗಿದ್ದೀರಾ?" ಎನ್ನುತ್ತಾರೆ. ನಲವತ್ತೆರಡು ವರ್ಷಗಳಿಂದ ಗಂಡಸರ ಅಂಗಿ, ಪ್ಯಾಂಟು ಹೊಲಿಯುತ್ತಿದ್ದಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಅಗಲವಾದ ಮೇಜು, ಗಿರಾಕಿಗಳಿಗೊಂದು ಬೆಂಚು. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಮೇಜಿನ ಮೇಲೆ ಬಂದು ಬೀಳುತ್ತದೆ. ಬೆಳಕು ನೋಡಿಯೇ ಮೇಜು ಹಾಕಿಸಿದ್ದು ಎಂದು ದೊಡ್ಡಪ್ಪ ಹೇಳುತ್ತಾರೆ. ಬೇರೆ ಜಾಗ ಎಲ್ಲಿತ್ತು ಎಂದು ದೊಡ್ಡಮ್ಮ ಕೇಳುತ್ತಾರೆ. ಕಾಜಾ ತೆಗೆದು ಗುಂಡಿ ಕಟ್ಟುವುದು ದೊಡ್ಡಮ್ಮನ ಪಾಲಿನ ಕೆಲಸ. ಮಾತಿನ ಕೊನೆಗೆ ಗಂಟು ಹಾಕುವುದೂ ಅವರದೇ.

ಬೀದಿಯ ಗಂಡಸರೆಲ್ಲ ದೊಡ್ಡಪ್ಪನ ಅಂಗಿಯಲ್ಲೇ ಓಡಾಡುತ್ತಿದ್ದರೂ ಒಬ್ಬರು ಮಾತ್ರ ಅಪ್ಪಿತಪ್ಪಿಯೂ ಅವರ ಬಳಿ ಹೊಲಿಸುತ್ತಿರಲಿಲ್ಲ. ಅವರು ದೊಡ್ಡಮ್ಮನ ಸ್ವಂತ ಅಣ್ಣ, ದೊಡ್ಡಪ್ಪನಿಗೆ ಭಾವ, ನನಗೆ ಮಾವ. ಹರೆಯದಲ್ಲಿ ಸೇನೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದರು. ಈಗ ಎದುರು ಸಾಲಿನ ನಾಲ್ಕನೆಯ ಮನೆಯಲ್ಲಿದ್ದಾರೆ. ಅವರೊಡನೆ ಏನು ಮಾತಾಡಿದರೂ, ಅದು ಹಲ್ಲುನೋವಿನ ವಿಷಯವೇ ಇರಲಿ, ಮೂರನೆಯ ಮಾತಿಗೆ ರೆಕ್ಕೆ ತಿರುಗಲು ಶುರುವಾಗುತ್ತದೆ. ಹಾಗಾಗಿ ಬೀದಿಗೆಲ್ಲ ಅವರು ರೆಕ್ಕೆ ಮಾವ.

ರೆಕ್ಕೆ ಮಾವ ರೆಡಿಮೇಡ್ ಅಂಗಿ ಹಾಕುತ್ತಿದ್ದರು. ಕಾರಣ, ತಂಗಿಯ ಮದುವೆಗೆ ಹೊಸ ಭಾವಮೈದುನ ಹೊಲಿದುಕೊಟ್ಟ ಕೋಟು. ಅದರ ಎಡತೋಳು ಅರ್ಧ ಅಂಗುಲ ಗಿಡ್ಡವಾಗಿತ್ತು.

"ಅಳತೆ ತಗೊಳ್ಳೋವಾಗ ಅಟೆನ್ಷನ್‌ನಲ್ಲಿ ನಿಂತಿದ್ರೆ ನಾನೇನು ಮಾಡ್ಲಿ?" ಎಂದು ದೊಡ್ಡಪ್ಪ ಇವತ್ತಿಗೂ ಕೇಳುತ್ತಾರೆ.

"ನಾನು ನಿಂತಿದ್ದು ಸರಿಯಾಗೇ ಇತ್ತು. ನಿಮ್ಮ ಟೇಪು ಕೂತಿತ್ತು," ಎನ್ನುತ್ತಾರೆ ಮಾವ. "ನಿಮ್ಮದೇನ್ರೀ ಟೇಲರ್ರೇ, ಒಂದು ಬೆರಳು ಹೆಚ್ಚಾದ್ರೆ ಸಡಿಲ, ಕಮ್ಮಿಯಾದ್ರೆ ಫಿಟ್ಟಿಂಗು. ನಮ್ಮಲ್ಲಿ ಒಂದು ಕೂದಲು ಆಚೀಚೆ ಆದ್ರೆ ಮನುಷ್ಯ ಕೆಳಗೆ!"

ಇದು ವರ್ಷಗಟ್ಟಲೆ ನಡೆದ ಜಗಳ. ಹೋದ ವರ್ಷ ಒಂದು ಮಧ್ಯಾಹ್ನ, ಬೆಂಚಿನ ತುಂಬ ಗಿರಾಕಿಗಳಿರುವಾಗ ಮಾವ ಇದೇ ಮಾತನ್ನು ಮತ್ತೆ ಆಡಿದರು. ದೊಡ್ಡಪ್ಪ ಕತ್ತರಿ ಕೆಳಗಿಟ್ಟರು.

"ನಿಮ್ಮ ಹೆಲಿಕಾಪ್ಟರನ್ನೇ ಮಾಡಿ ಕೊಡ್ತೀನಿ, ಭಾವ. ಚಿಕ್ಕದು. ಒಂದು ಅಡಿಗೆ ಒಂದು ಅಂಗುಲದ ಲೆಕ್ಕ. ಒಂದೇ ಒಂದು ತಪ್ಪು ಹುಡುಕಿ ತೋರಿಸಿ."

"ತೋರಿಸಿದ್ರೆ?"

"ಒಂದು ತಿಂಗಳು ರೆಡಿಮೇಡ್ ಅಂಗಿ ಹಾಕ್ಕೊಂಡು ಇದೇ ಅಂಗಡೀಲಿ ಕೂರ್ತೀನಿ."

ಬೆಂಚಿನ ಮೇಲೆ ಯಾರೋ "ಅಯ್ಯಯ್ಯೋ" ಎಂದರು.

"ತಪ್ಪು ಸಿಗದಿದ್ರೆ ನೀವು ಬದುಕಿರೋವರೆಗೂ ನನ್ನ ಹತ್ರವೇ ಹೊಲಿಸ್ಬೇಕು."

ರೆಕ್ಕೆ ಮಾವ ಮನೆಗೆ ಹೋಗಿ ಗೋಡೆಯ ಮೇಲಿದ್ದ ಫೋಟೋವನ್ನು ಕಟ್ಟು ಸಮೇತ ತಂದು ಮೇಜಿನ ಮೇಲಿಟ್ಟರು. ಕಪ್ಪು-ಬಿಳುಪಿನ ದೊಡ್ಡ ಚಿತ್ರ. ಹಿಂದೆ ಹೆಲಿಕಾಪ್ಟರ್, ಗಾಜಿನ ಮೂಗು, ಉದ್ದನೆಯ ಬಾಲ, ನೆತ್ತಿಯ ಮೇಲೆ ಮೂರು ರೆಕ್ಕೆ. ಅದರ ಮುಂದೆ ಇಪ್ಪತ್ತಾರರ ಮಾವ, ರಜೆಯ ದಿನದ ಸಾದಾ ಅಂಗಿಯಲ್ಲಿ, ತಲೆಕೂದಲು ನೀಟಾಗಿ ಬಾಚಿ ನಿಂತಿದ್ದಾರೆ. ಬಾಲದ ಮೇಲೆ ಸಂಖ್ಯೆ ಬರೆದಿದ್ದ ಜಾಗಕ್ಕೆ ಸರಿಯಾಗಿ ಅಡುಗೆಯವನೊಬ್ಬ ಹೊಟ್ಟೆ ಮುಂದು ಮಾಡಿ ಅಡ್ಡ ನಿಂತಿದ್ದಾನೆ.

"ಬೇರೆ ಫೋಟೋಗಳಲ್ಲಿ ನಾನು ಯಾರೋ ಅನ್ನೋ ಹಾಗೆ ಕಾಣ್ತೀನಿ. ಇದರಲ್ಲಿ ಮಾತ್ರ ನಾನು ನಾನೇ," ಎಂದರು ಮಾವ. "ಹುಷಾರಾಗಿ ಇಟ್ಕೊಳ್ಳಿ." ಉದ್ದ ಮೂವತ್ತೆರಡು ಅಡಿ, ಒಂದೊಂದು ರೆಕ್ಕೆ ಹದಿನೇಳು ಎಂದು ಹೇಳಿ, ಕೆಲಸ ಮುಗಿಯುವವರೆಗೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಮಾತು ಕೊಟ್ಟು ಹೋದರು.

ದೊಡ್ಡಪ್ಪ ತಮಗೆ ಗೊತ್ತಿದ್ದ ದಾರಿಯಲ್ಲೇ ನಡೆದರು. ಫೋಟೋದ ಮೇಲೆ ಟೇಪು ಹಿಡಿದು, ಹೆಲಿಕಾಪ್ಟರಿನ ಸುತ್ತಳತೆ, ಎದೆ, ಸೊಂಟ ಎಲ್ಲವನ್ನೂ ಗಿರಾಕಿಗಳ ಪುಸ್ತಕದಲ್ಲೇ ಬರೆದುಕೊಂಡರು. ಕಂದು ಕಾಗದದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಮುಂಭಾಗ, ಬೆನ್ನು, ಪಕ್ಕೆ ಎಂದು ಕತ್ತರಿಸಿದರು. ತಂತಿಯ ಗೂಡು ಕಟ್ಟಿದರು. ಅದರ ಮೇಲಿನ ಚರ್ಮಕ್ಕೆ ಏನು ಹಾಕುವುದು ಎಂದು ಎರಡು ದಿನ ಯೋಚಿಸಿ, ಕೊನೆಗೆ ಕಾಲರಿನೊಳಗೆ ಇಡುವ ಗಟ್ಟಿ ಕ್ಯಾನ್ವಾಸನ್ನು ಅಂಟಿನಲ್ಲಿ ಅದ್ದಿ, ಇಸ್ತ್ರಿ ಹಾಕಿ ನೋಡಿದರು. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ತಗಡಿನಂತೆ ಟಣ್ ಎಂದಿತು.

ಮೊದಲನೆಯ ದೇಹ ಮಾತ್ರ ಕೆಟ್ಟಿತು. ಕೈರೂಢಿಯಿಂದ ಪ್ರತಿ ತುಂಡಿಗೂ ಒಂದು ಅಂಗುಲ ಒಳಮಡಿಕೆಯ ಬಟ್ಟೆ ಬಿಟ್ಟಿದ್ದರು. ಬಾಗಿಲು ಕೂರಲೇ ಇಲ್ಲ.

"ಇಷ್ಟು ಯಾಕ್ರೀ ಬಿಟ್ರಿ?" ಎಂದರು ದೊಡ್ಡಮ್ಮ.

"ಮುಂದೆ ಬಿಚ್ಚಿ ದೊಡ್ಡದು ಮಾಡೋಕೆ ಬೇಕಾಗುತ್ತಲ್ಲ..."

"ಹೆಲಿಕಾಪ್ಟರ್ ದಪ್ಪ ಆಗಲ್ಲ ಕಣ್ರೀ!"

ದೊಡ್ಡಮ್ಮ ನಕ್ಕು ನಕ್ಕು ಸೂಜಿ ಕಳೆದುಕೊಂಡರು. ನಾವೆಲ್ಲ ನೆಲದ ಮೇಲೆ ಕೈಯಾಡಿಸಿ ಅದನ್ನು ಹುಡುಕಿದೆವು.

ಎರಡನೆಯದು ಚೆನ್ನಾಗಿ ಬಂತು. ನಿಜವಾದ ಹೆಲಿಕಾಪ್ಟರಿನ ತಗಡಿನ ಮೇಲಿರುವ ಮೊಳೆಗಳ ಸಾಲಿಗೆ ದೊಡ್ಡಪ್ಪ ಹುಡುಕಿದ ಉಪಾಯ ನನಗೆ ತುಂಬ ಇಷ್ಟ. ಕಾಗದದಿಂದ ಬಟ್ಟೆಗೆ ಗುರುತು ಇಳಿಸಲು ದರ್ಜಿಗಳ ಬಳಿ ಹಲ್ಲಿನ ಪುಟ್ಟ ಚಕ್ರವೊಂದಿರುತ್ತದೆ. ಅದನ್ನು ಕ್ಯಾನ್ವಾಸಿನ ಒಳಮೈ ಮೇಲೆ ಉರುಳಿಸಿದರೆ ಹೊರಗೆ ಸಣ್ಣ ಸಣ್ಣ ಚುಕ್ಕಿಗಳು ಉಬ್ಬಿ ನಿಲ್ಲುತ್ತಿದ್ದವು. ನೋಡಿದವರು ಬೆರಳಿಟ್ಟು ಸವರದೆ ಬಿಡುತ್ತಿರಲಿಲ್ಲ. ರೆಕ್ಕೆಗಳ ನಡುವಿನ ಗುಬುಟಿಗೆ ಹೊಲಿಗೆ ಯಂತ್ರದ ಬಾಬಿನ್. ದೀಪಗಳಿಗೆ ಟಿಚ್ ಬಟನ್. ಗಾಜಿಗೆ ಹಳೆಯ ಎಕ್ಸ್‌ರೇ ಹಾಳೆ. ತಿಕ್ಕಿ ತೊಳೆದರೂ ಒಂದು ಮೂಲೆಯಲ್ಲಿ ಯಾರದೋ ಪಕ್ಕೆಲುಬು ಬೆಳ್ಳಗೆ ಉಳಿದಿತ್ತು. ಅದನ್ನು ದೊಡ್ಡಮ್ಮ ಕತ್ತರಿಸಿ ತೆಗೆಸಿದರು.

ಬಾಲದ ತುದಿಯಲ್ಲಿ ತಿರುಗುವ ಪುಟ್ಟ ಪಂಕ, ಬಾಗಿಲ ಮೇಲಿದ್ದ ಹಗ್ಗದ ರಾಟೆ, ಇಂಧನ ತುಂಬುವ ಮುಚ್ಚಳ, ಎಲ್ಲವೂ ಫೋಟೋದಲ್ಲಿ ಹೇಗಿದ್ದವೋ ಹಾಗೆಯೇ ಕೂತವು. ದೊಡ್ಡಪ್ಪ ಭೂತಗನ್ನಡಿ ಹಿಡಿದು ಒಂದೊಂದನ್ನೂ ಮೂರು ಸಲ ತಾಳೆ ನೋಡುತ್ತಿದ್ದರು. ಈ ನಡುವೆ ಗಿರಾಕಿಗಳ ಪ್ಯಾಂಟುಗಳು ತಡವಾದವು. ಬೈಯಲು ಬಂದವರು ಹೆಲಿಕಾಪ್ಟರ್ ನೋಡಿ, ಸಲಹೆ ಕೊಟ್ಟು, ಬೈಯುವುದನ್ನು ಮರೆತು ಹೋಗುತ್ತಿದ್ದರು. ರೆಕ್ಕೆ ಮಾವ ಕೊಟ್ಟ ಮಾತಿನಂತೆ ಮೆಟ್ಟಿಲು ಹತ್ತಲಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಅಂಗಡಿಯ ಮುಂದೆ, ನೇರ ಮುಂದಕ್ಕೆ ನೋಡುತ್ತ, ತೀರ ನಿಧಾನವಾಗಿ ನಡೆದು ಹೋಗುತ್ತಿದ್ದರು.

"ಅಣ್ಣನ ಕತ್ತು ಉಳುಕುತ್ತೆ," ಎಂದರು ದೊಡ್ಡಮ್ಮ. "ಬೇಗ ಮುಗಿಸಿ."

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಾವನಿಗೆ ಕರೆ ಹೋಯಿತು. ಕೋಣೆಯ ತುಂಬ ಜನ. ಅಗಸ, ಔಷಧಿ ಅಂಗಡಿಯವರು, ಹದಿನೆಂಟೂವರೆಯವರು, ಎಲ್ಲರೂ ಬಂದಿದ್ದರು. ದೊಡ್ಡಪ್ಪ ಮೇಜಿನ ಮೇಲಿನ ಬಟ್ಟೆ ಎಳೆದರು.

ಹಸಿರು ಬಣ್ಣದ ಆ ಹೆಲಿಕಾಪ್ಟರ್ ಬಿಸಿಲಲ್ಲಿ ಈಗಷ್ಟೇ ಬಂದಿಳಿದಂತೆ ನಿಂತಿತ್ತು.

ಮಾವ ಅದರ ಸುತ್ತ ಒಂದು ಬಾರಿ ನಡೆದರು. ಬಗ್ಗಿ ಹೊಟ್ಟೆ ನೋಡಿದರು, ಬೆರಳಿನಿಂದ ಚುಕ್ಕಿಗಳ ಸಾಲು ಸವರಿದರು. ಆಮೇಲೆ ಕಣ್ಣು ಮುಚ್ಚಿ, ಇಂಧನ ತುಂಬಲು ಹೋಗುವವರಂತೆ ಬಲಗೈಯನ್ನು ಹೆಲಿಕಾಪ್ಟರಿನ ಬಲ ಮಗ್ಗುಲಿಗೆ ಚಾಚಿದರು. ಕೈಗೆ ಏನೂ ಸಿಗಲಿಲ್ಲ. ಬೆರಳುಗಳು ಅದರ ನುಣ್ಣನೆಯ ಮೈಮೇಲೆ ಸ್ವಲ್ಪ ಹೊತ್ತು ತಡಕಾಡಿದವು.

ಕಣ್ಣು ಬಿಟ್ಟರು. "ಮುಚ್ಚಳ ಈ ಕಡೆ ಇರಬೇಕು. ಬಾಲದ ಪಂಕನೂ ಅಷ್ಟೇ. ಒಳಗೆ ಕೂತವನ ಬಲಕ್ಕೆ. ನೀವು ಎಡಕ್ಕೆ ಇಟ್ಟಿದ್ದೀರಿ."

"ನೋಡಿ ಹೇಳಿ, ಭಾವ." ದೊಡ್ಡಪ್ಪ ಇದಕ್ಕಾಗಿಯೇ ಕಾದಿದ್ದವರಂತೆ ಫೋಟೋ ತಂದು ಮುಂದೆ ಹಿಡಿದರು. "ನಿಮ್ಮದೇ ಫೋಟೋ."

ಮಾವ ನೋಡಿದರು. ಪಂಕ ಎಡಕ್ಕೇ ಇತ್ತು. ಮುಚ್ಚಳವೂ ಎಡಕ್ಕೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬೆಂಚಿನ ಕಡೆಯಿಂದ ಚಪ್ಪಾಳೆ ಶುರುವಾಯಿತು. ಯಾರೋ "ಟೇಲರ್ ಗೆದ್ರು!" ಎಂದು ಕೂಗಿದರು.

"ಹನ್ನೊಂದು ವರ್ಷ," ಎಂದರು ಮಾವ. ದನಿ ಸಣ್ಣದಾಗಿತ್ತು. "ಹನ್ನೊಂದು ವರ್ಷ ದಿನಾ ಈ ಕೈಯಲ್ಲೇ ಮುಚ್ಚಳ ತೆಗೆದಿದ್ದೀನಿ." ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. "ಹೋದ ವಾರ ಕೊಡೆ ಎಲ್ಲೋ ಬಿಟ್ಟು ಬಂದೆ. ಮೊನ್ನೆ ಬೀಗ ಹಾಕಿದೀನೋ ಇಲ್ವೋ ಅಂತ ಎರಡು ಸಲ ವಾಪಸ್ ಹೋದೆ. ಈಗ ಈ ಕೈಯ ನೆನಪೂ ಹೋಯ್ತು ಅನ್ನಿ." ಅವರು ಬೆಂಚಿನ ಮೇಲೆ ಕೂತರು. "ಸರಿ. ನೀವೇ ಗೆದ್ರಿ. ಅಳತೆ ತಗೊಳ್ಳಿ."

ಚಪ್ಪಾಳೆ ತಾನಾಗಿಯೇ ನಿಂತಿತು. ದೊಡ್ಡಪ್ಪ ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಅವರ ಕೊರಳಲ್ಲಿ ಟೇಪು ಸಿದ್ಧವಾಗಿ ತೂಗುತ್ತಿತ್ತು. ಆದರೆ ಅವರು ಅದಕ್ಕೆ ಕೈ ಹಾಕಲಿಲ್ಲ. ಫೋಟೋವನ್ನು ಬೆಳಕಿಗೆ ಹಿಡಿದು ನಿಂತರು. ಮೂರು ತಿಂಗಳು ಅದರಲ್ಲಿ ಬರೀ ಹೆಲಿಕಾಪ್ಟರನ್ನು ನೋಡಿದ್ದವರು ಈಗ ಮೊದಲ ಬಾರಿಗೆ, ಅದರ ಮುಂದೆ ನಿಂತ ಹುಡುಗನನ್ನು ನೋಡುತ್ತಿದ್ದರು. ಅವರ ತುಟಿ ಅಲುಗಿತು. ತಮ್ಮ ಎದೆಯನ್ನೊಮ್ಮೆ ಮುಟ್ಟಿಕೊಂಡರು. ಮತ್ತೆ ಫೋಟೋ ನೋಡಿದರು.

ಆಗ ಅವರು ಸುಮ್ಮನಿದ್ದಿದ್ದರೆ ನಮಗೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಭಾವ," ಎಂದರು. "ನಿಮ್ಮ ಅಂಗಿ ಜೇಬು ಯಾವ ಕಡೆ ಇರುತ್ತೆ?"

"ಇದೇನು ಪ್ರಶ್ನೆ? ಎಡಕ್ಕೆ."

"ಇಲ್ಲಿ ಬಲಕ್ಕಿದೆ. ಕಾಜಾ ಪಟ್ಟಿನೂ ಬಲಕ್ಕಿದೆ. ಗಂಡಸರ ಅಂಗಿಗೆ ಹಾಗೆ ಯಾವ ದರ್ಜಿನೂ ಹೊಲಿಯಲ್ಲ. ನಿಮ್ಮ ತಲೆ ನೆಟ್ಟಗಿದೆ, ಭಾವ. ಫೋಟೋನೇ ತಿರುಗುಮುರುಗು. ಸ್ಟುಡಿಯೋದವನು ಫಿಲ್ಮನ್ನ ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದಾನೆ. ಪಂಕ ಬಲಕ್ಕೇ ಇತ್ತು. ಮುಚ್ಚಳನೂ ಬಲಕ್ಕೇ. ನಿಮ್ಮ ಕೈ ಹೇಳಿದ್ದೇ ಸರಿ."

ಮಾವ ಫೋಟೋ ಕಸಿದುಕೊಂಡರು. ಎಲ್ಲರೂ ಅದರ ಮೇಲೆ ಬಗ್ಗಿದೆವು. ಬಲ ಎದೆಯ ಮೇಲೆ, ಒಂದು ಪೆನ್ನು ಸಿಕ್ಕಿಸಿಕೊಂಡು, ಜೇಬು ಧಾರಾಳವಾಗಿ ಕಾಣುತ್ತಿತ್ತು.

ಮೊದಲು ನಕ್ಕವರು ದೊಡ್ಡಮ್ಮ. "ಮೂರು ತಿಂಗಳು ಭೂತಗನ್ನಡಿ ಹಿಡಿದ ದರ್ಜಿಗೆ ಅಂಗಿ ಕಾಣ್ಲಿಲ್ಲ. ನಲವತ್ತು ವರ್ಷ ಗೋಡೆ ಮೇಲೆ ಇಟ್ಕೊಂಡ ಮೆಕ್ಯಾನಿಕ್‌ಗೆ ಹೆಲಿಕಾಪ್ಟರ್ ಕಾಣ್ಲಿಲ್ಲ! ಅಣ್ಣ, ಇಷ್ಟು ವರ್ಷ ಏನು ನೋಡ್ತಿದ್ದೆ ನೀನು ಅದರಲ್ಲಿ?"

ಮಾವ ತಲೆ ಕೆರೆದುಕೊಂಡರು. "ನನ್ನನ್ನೇ ನೋಡ್ಕೊಳ್ತಿದ್ದೆ," ಎಂದರು.

ಅವರಿಗೆ ಆ ಫೋಟೋ ಅಷ್ಟು ಇಷ್ಟವಾಗಲು ಕಾರಣವೂ ಈ ತಿರುಗುಮುರುಗೇ ಎಂದು ನನಗೆ ಆಗ ಹೊಳೆಯಿತು. ದಿನಾ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಕಾಣುವ ಮುಖವೇ ಅದರಲ್ಲಿತ್ತು. ಬೈತಲೆ ಕೂಡ ಅದೇ ಕಡೆ. ಅವರಿಗೆ ಹೇಳಿದೆ. ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ನೀವೆಲ್ಲ ನೋಡೋದು ಆ ಇನ್ನೊಬ್ಬನನ್ನಾ? ಪಾಪ ನೀವು!" ಎಂದರು. ಕಳೆಗುಂದಿದ್ದ ಮುಖಕ್ಕೆ ಮತ್ತೆ ಗೆಲುವು ಬಂದಿತ್ತು.

ಮರುಗಳಿಗೆಯೇ ಅವರಿಗೆ ಷರತ್ತು ನೆನಪಾಯಿತು. ಔಷಧಿ ಅಂಗಡಿಯವರು, ಕೊಟ್ಟ ಫೋಟೋವೇ ತಪ್ಪಾದ್ದರಿಂದ ಟೇಲರದ್ದು ತಪ್ಪಲ್ಲ ಎಂದು ವಾದಿಸಿದರು. ಅಗಸ, ಇಬ್ಬರೂ ಸೋತರು ಎಂದ. ದೊಡ್ಡಪ್ಪ ಯಾರ ಮಾತಿಗೂ ಒಪ್ಪಲಿಲ್ಲ. "ತಪ್ಪು ಇದೆ, ಭಾವ ತೋರಿಸಿದ್ರು. ಮಾತು ಮಾತೇ," ಎಂದು ಕೊರಳಿನ ಟೇಪು ತೆಗೆದು ಗೂಟಕ್ಕೆ ಹಾಕಿದರು. ಅವರ ದನಿಯಲ್ಲಿ ಬೇಸರವೇ ಇರಲಿಲ್ಲ.

ಅವತ್ತೇ ಸಂಜೆ ದೊಡ್ಡಪ್ಪ, ದೊಡ್ಡಮ್ಮ, ಮಾವ ಮೂವರೂ ರೆಡಿಮೇಡ್ ಅಂಗಡಿಗೆ ಹೋದರು. ದೊಡ್ಡಮ್ಮ ಬಂದು ಹೇಳಿದ ಪ್ರಕಾರ, ಅಲ್ಲಿಯ ಹುಡುಗಿ ಒಂದು ಅಂಗಿ ಕೊಟ್ಟು, "ನಲವತ್ತು ಸರಿಯಾಗುತ್ತೆ, ಅಂಕಲ್," ಎಂದಳಂತೆ. ದೊಡ್ಡಪ್ಪ ಅದನ್ನು ತಿರುಗಿಸಿ ಮುರುಗಿಸಿ, "ಯಾರ ನಲವತ್ತು?" ಎಂದು ಕೇಳಿದರಂತೆ.

ಮೊದಲ ವಾರ ಗಿರಾಕಿಗಳು ಅಂಗಿ ಹೊಲಿಸಲು ಬಂದರೋ ಅಂಗಿ ನೋಡಲು ಬಂದರೋ ಹೇಳುವುದು ಕಷ್ಟ. ದೊಡ್ಡಪ್ಪ ಆಕಾಶನೀಲಿ ಚೌಕಳಿಯ ಆ ಅಂಗಿಯಲ್ಲಿ ನೆಟ್ಟಗೆ ಕೂತು ಯಂತ್ರ ತುಳಿಯುತ್ತಿದ್ದರು. ಬೆಂಚಿನ ಮೇಲೆ ರೆಕ್ಕೆ ಮಾವ ಹೆಲಿಕಾಪ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಬಾಲದ ಪಂಕವನ್ನು ಬಿಡಿಸಿ ಬಲಕ್ಕೆ ಕೂರಿಸುವ ಕೆಲಸದಲ್ಲಿದ್ದರು. ಬಂದವರಿಗೆಲ್ಲ ಕತೆಯನ್ನು ಮೊದಲಿನಿಂದ ಹೇಳುವುದೂ ಅವರೇ. ಕತೆಯಲ್ಲಿ ದೊಡ್ಡಪ್ಪ ಟೇಪಿಗೆ ಕೈ ಹಾಕದೆ ನಿಂತ ಜಾಗ ಬಂದಾಗ ಸ್ವಲ್ಪ ಕೆಮ್ಮಿ, ಸ್ಕ್ರೂಡ್ರೈವರ್ ಕೇಳುತ್ತಿದ್ದರು.

ನಾಲ್ಕನೆಯ ದಿನ ದೊಡ್ಡಪ್ಪ ಮೇಲಿನ ಗೂಟದಿಂದ ದಾರದ ಉಂಡೆ ತೆಗೆಯಲು ಕೈ ಎತ್ತಿ, ಅರ್ಧಕ್ಕೇ ನಿಲ್ಲಿಸಿದರು.

"ಕಂಕುಳಲ್ಲಿ ಹಿಡಿಯುತ್ತಾ?" ಎಂದು ಕೇಳಿದರು ಮಾವ, ತಲೆ ಎತ್ತದೆ.

"ಹಿಡಿಯುತ್ತೆ."

"ನಂಗೂ ಅಷ್ಟೇ. ಇಷ್ಟು ವರ್ಷ ಹಿಡೀತಾನೇ ಇದೆ." ಮಾವ ಎದ್ದು ದಾರದ ಉಂಡೆ ತೆಗೆದುಕೊಟ್ಟು, ಮತ್ತೆ ಬೆಂಚಿಗೆ ಹೋಗಿ ಕೂತರು. "ಇನ್ನೂ ಇಪ್ಪತ್ತಾರು ದಿನ ಇದೆ, ಟೇಲರ್ರೇ. ನಿಮ್ಮ ತಿಂಗಳು ಮುಗೀಲಿ, ಆಮೇಲೆ ನನ್ನ ಅಳತೆ ತಗೊಳ್ಳಿ. ಈ ಸಲ ಅಟೆನ್ಷನ್‌ನಲ್ಲಿ ನಿಲ್ಲಲ್ಲ."