ಪರದೆಯೊಳಗಿನ ಕೈ

ಮಂಗಳವಾರ ಬೆಳಿಗ್ಗೆ ನನ್ನ ತಂಗಿ ರೊಟ್ಟಿಯ ಜೊತೆ ಒಂದು ಕಾಗದವನ್ನೂ ಬಡಿಸಿದಳು.

ರೊಟ್ಟಿ, ಪುಂಡಿಪಲ್ಯ, ಪಕ್ಕದಲ್ಲಿ ದವಾಖಾನೆಯ ಫಾರಂ. ಕಲಬುರಗಿಯ ಹೊರಗಿನ ಪ್ಲೇಗ್ ಕ್ಯಾಂಪಿಗೆ ನರ್ಸ್ ಆಗಲು ಹೆಣ್ಣುಮಕ್ಕಳು ಬೇಕಾಗಿದ್ದಾರಂತೆ. ಕೆಲಸ ಅಲ್ಲೇ ಕಲಿಸುತ್ತಾರಂತೆ. ಅರ್ಜಿ ಹಾಕುವವಳು ಯಾವ ಗಂಡಸಿನ ಮನೆಯಲ್ಲಿದ್ದಾಳೋ ಅವನ ಸಹಿ ಮಾತ್ರ ಬೇಕು. ಅಂದರೆ ನನ್ನದು.

ಈ ಅಂಕಣ ಓದುವವರಿಗೆ ನೀಲಮ್ಮ ಹೊಸಬಳಲ್ಲ. (ಕಳೆದುಹೋದ ನನ್ನ ಕೊಡೆಯನ್ನು ನನ್ನ ಬೆನ್ನ ಹಿಂದೆಯೇ ಹುಡುಕಿಕೊಟ್ಟವಳು.) ವಯಸ್ಸು ಇಪ್ಪತ್ತು. ಗಂಡ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಜಗತ್ ಓಣಿಯ ನಮ್ಮ ಮನೆಯಲ್ಲೇ ಇದ್ದಾಳೆ.

ಫಾರಂ ಉರ್ದುವಿನಲ್ಲಿತ್ತು. ನೀಲಮ್ಮನಿಗೆ ಉರ್ದು ಮಾತು ಬರುತ್ತದೆ, ಓದು ಬಾರದು. ನಾನೋ, ಆಫೀಸಿನಲ್ಲಿ ದಿನವಿಡೀ ಉರ್ದು ಕಾಗದವನ್ನು ಕನ್ನಡಕ್ಕೆ ತರುವವನು. ಹೆದರಿದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ?

"ಮೂವತ್ತು ವರ್ಷ ತುಂಬಿರಬೇಕಂತ ಬರದಾರ, ನೀಲಾ," ಎಂದೆ.

"ಸುಳ್ಳ ಹೇಳಬ್ಯಾಡ ಅಣ್ಣಾ. ದವಾಖಾನಿ ಲೇಡಿ ಡಾಕ್ಟರ್ ಎಲ್ಲಾ ಓದಿ ಹೇಳ್ಯಾರ."

ಫಾರಂ ಮಡಚಿ ಪಕ್ಕಕ್ಕೆ ಸರಿಸಿದೆ.

ನನಗೆ ಹೆದರಿಕೆ. ಇದನ್ನು ಸುತ್ತಿಬಳಸಿ ಹೇಳಿ ಏನು ಪ್ರಯೋಜನ? ಮನೆಯಲ್ಲಿ ಒಂದು ಇಲಿ ಓಡಿದರೂ ಹೆದರಿಕೆ, ಓಡದೆ ಬಿದ್ದಿದ್ದರೆ ಇನ್ನೂ ಹೆದರಿಕೆ. ಪ್ರತಿದಿನ ಸ್ನಾನ ಮಾಡುವಾಗ ಕಂಕುಳಲ್ಲಿ ಗಡ್ಡೆ ಎದ್ದಿದೆಯೇ ಎಂದು ಒತ್ತಿ ನೋಡಿಕೊಳ್ಳುತ್ತೇನೆ. (ನಗಬೇಡಿ. ನೀವೂ ನೋಡಿಕೊಳ್ಳುತ್ತೀರಿ.) ಅಂಥ ಗಡ್ಡೆ ಎದ್ದವರ ಮೈ ಒರೆಸಲು, ಬಾಯಿಗೆ ನೀರು ಬಿಡಲು ನನ್ನ ತಂಗಿ ತಾನಾಗಿಯೇ ಹೋಗುತ್ತಾಳಂತೆ!

"ಸಾಯ್ಲಾಕ ಹೋಗ್ತೀ ಏನು?" ಎಂದು ಕೂಗಾಡಿದೆ.

"ಅಂಜಿಕಿ ನನಗೂ ಅದ. ರಾತ್ರಿ ನಿದ್ದಿ ಬರವಲ್ದು," ಎಂದಳು. "ಆದ್ರ ದಿನಾ ವೈನಿ ನೆನಪಾಗ್ತಾರ."

ವೈನಿ ಯಾಕೆ ನೆನಪಾಗುತ್ತಾರೆಂದು ನಿಮಗೆ ಹೇಳಲೇಬೇಕು.

ವೈನಿ ಎಂದರೆ ಕಮಲಾಪುರದಲ್ಲಿರುವ ನಮ್ಮ ಅಣ್ಣನ ಹೆಂಡತಿ. ಕೆಂಪು ಬಾಳೆಯ ಗೊನೆ ಮಾಗಿದಾಗಲೆಲ್ಲ ನಮಗೊಂದು ಚಿಪ್ಪು ಕಳಿಸದೆ ತಾವು ತಿನ್ನುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಆ ಊರಲ್ಲೂ ಇಲಿ ಸತ್ತು ಬಿದ್ದವು. ಜನ ಮನೆ ಬಿಟ್ಟು ಹೊಲಕ್ಕೆ ಹೊರಟರು. ಅಣ್ಣನೂ ತೋಟದಲ್ಲಿ ಗುಡಿಸಲು ಹಾಕಿಸುತ್ತಿದ್ದ. ಸಾಮಾನು ಸಾಗಿಸಲು ನೆರವಾಗಲೆಂದು ನಾನೂ ನೀಲಮ್ಮನೂ ಟಾಂಗಾ ಹಿಡಿದು ಹೋದೆವು.

ನಾವು ಹೋದ ದಿನವೇ ವೈನಿಗೆ ಜ್ವರ ಬಂತು. ಯಾರೋ ಕ್ಯಾಂಪಿಗೆ ಸುದ್ದಿ ಮುಟ್ಟಿಸಿದರು. ಮರುದಿನ ಮಧ್ಯಾಹ್ನ ಡಾಕ್ಟರ್ ಸಾಹೇಬರು ಬಾಗಿಲಿಗೆ ಬಂದರು, ಹಿಂದೆ ಕ್ಯಾಂಪಿನ ಬಂಡಿ. ಅಣ್ಣ ತೋಟದಲ್ಲಿದ್ದ. ಮನೆಯಲ್ಲಿದ್ದ ಗಂಡಸು ನಾನೊಬ್ಬನೇ.

ನಮ್ಮ ಕಡೆಯ ದೊಡ್ಡ ಮನೆಗಳ ರೀತಿ ನಿಮಗೆ ಗೊತ್ತು. ಹಿಂದೂ ಇರಲಿ, ಮುಸಲ್ಮಾನರಿರಲಿ, ಡಾಕ್ಟರ್ ಬಂದರೆ ಪರದೆ ಕಟ್ಟುತ್ತೇವೆ. ಒಳಗಿನಿಂದ ಒಂದು ಕೈ ಹೊರಗೆ ಬರುತ್ತದೆ. ಡಾಕ್ಟರ್ ನಾಡಿ ನೋಡುತ್ತಾರೆ, ಮುಖ ನೋಡುವುದಿಲ್ಲ. ಅದು ಯಾರ ಕೈ ಎಂದು ಕೇಳುವುದು ಮರ್ಯಾದೆಯೂ ಅಲ್ಲ.

ಕ್ಯಾಂಪಿಗೆ ಹೋದವರು ತಿರುಗಿ ಬರುವುದಿಲ್ಲ ಎಂದು ಊರೆಲ್ಲ ಮಾತು. ನಾನು ಪರದೆಯೊಳಗೆ ಹೋಗಿ ನೀಲಮ್ಮನ ಕಿವಿಯಲ್ಲಿ ಹೇಳಿದೆ, "ನಿನ್ನ ಕೈ ತೋರ್ಸು."

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಕೈ ಬರಿಗೈ. ಮುತ್ತೈದೆಯ ನಾಡಿ ನೋಡಲು ಬಂದವರ ಮುಂದೆ ವಿಧವೆಯ ಕೈ ಚಾಚಿದರೆ ಗುಟ್ಟು ರಟ್ಟಾಗದೇ? ಅದಕ್ಕೂ ನನ್ನ ಬುದ್ಧಿ ಓಡಿತು. ವೈನಿಯ ಹಸಿರು ಬಳೆಗಳನ್ನು ನೀಲಮ್ಮನಿಂದಲೇ ತೆಗೆಸಿ, ಅವಳ ಕೈಗೇ ಏರಿಸಿದೆ. ಎರಡು ವರ್ಷದ ಮೇಲೆ ಆ ಕೈ ಬಳೆ ಕಂಡಿತು. ಜ್ವರದ ವೈನಿ ಕಣ್ಣು ಬಿಟ್ಟು ನೋಡುತ್ತಿದ್ದರು.

ಡಾಕ್ಟರ್ ನಾಡಿ ಹಿಡಿದರು. "ಬುಖಾರ್ ನೈ. ಜ್ವರ ಇಲ್ರೀ, ಅರಾಮ್ ಅದಾರ," ಎಂದು ಬಂಡಿ ತಿರುಗಿಸಿಕೊಂಡು ಹೋದರು. ನಾನು ಗೆದ್ದೆ ಎಂದುಕೊಂಡೆ.

ಮೂರನೆಯ ದಿನ ವೈನಿ ಹೋದರು.

ಕ್ಯಾಂಪಿಗೆ ಹೋಗಿದ್ದರೆ ಉಳಿಯುತ್ತಿದ್ದರೇ? ಯಾರಿಗೆ ಗೊತ್ತು? ಅಲ್ಲಿಂದ ತಿರುಗಿ ಬಂದವರೂ ಇದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ನಾವು ಕಮಲಾಪುರಕ್ಕೆ ಹೋಗುವ ಹಿಂದಿನ ವಾರವೇ ಇದೇ ಅಂಕಣದಲ್ಲಿ 'ಜಡ್ಡು ಮುಚ್ಚಿಡಬೇಡಿ' ಎಂದು ನಿಮಗೆಲ್ಲ ಉಪದೇಶ ಮಾಡಿದ ಮಹಾಶಯ ನಾನೇ. ಅಣ್ಣನಿಗೆ ಈ ವಿಷಯ ಇಂದಿಗೂ ಗೊತ್ತಿಲ್ಲ. ಅವನೂ ಈ ಪತ್ರಿಕೆ ಓದುತ್ತಾನೆ. ಎದುರು ನಿಂತು ಹೇಳುವ ಧೈರ್ಯವಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

"ನರ್ಸ್ ಒಬ್ಬಾಕಿ ಸಂಗಾಟ ಬಂದಿದ್ರ ಪರದೆ ಒಳಗೇ ಬರ್ತಿದ್ಳು," ಎಂದಳು ನೀಲಮ್ಮ. "ವೈನಿ ಮುಖ ನೋಡ್ತಿದ್ಳು. ನಮ್ಮ ಆಟ ನಡೀತಿದ್ದಿಲ್ಲ."

ಫಾರಂ ಅನ್ನು ಟೋಪಿಯ ಕೆಳಗಿಟ್ಟೆ. ಬುಧವಾರ ಅದರ ಮಾತೇ ಎತ್ತಲಿಲ್ಲ. ಗುರುವಾರ ಆಫೀಸಿಗೆ ಹೋಗುವ ಬದಲು ಕ್ಯಾಂಪಿನ ಕಡೆ ನಡೆದೆ. ಹೇಗಿದೆ ಎಂದು ಒಮ್ಮೆ ನೋಡಬೇಕಲ್ಲ? ತಟ್ಟಿಯ ಗುಡಿಸಲುಗಳು ಕಂಡವು. ಒಳಗೆ ಯಾರೋ ಹೆಂಗಸು "ನೀರು, ನೀರು" ಅನ್ನುತ್ತಿದ್ದಳು. ಒಂದು ಬೇವಿನ ಮರದವರೆಗೆ ಹೋದೆ. ಮುಂದೆ ಕಾಲು ಬರಲಿಲ್ಲ. ಮೂಗಿಗೆ ಧೋತರದ ಚುಂಗು ಹಿಡಿದು ವಾಪಸ್ ಬಂದೆ. ಆ ಹೆಂಗಸಿಗೆ ಯಾರಾದರೂ ನೀರು ಕೊಟ್ಟರೋ ಇಲ್ಲವೋ ತಿಳಿಯದು.

ಶುಕ್ರವಾರ ನೀಲಮ್ಮ ತಾನೇ ಟೋಪಿ ಎತ್ತಿ ಫಾರಂ ತಂದಳು. ಮಸಿ, ಲೆಕ್ಕಣಿಕೆಯನ್ನೂ ತಂದಳು.

"ಅಲ್ಲಿ ಬಳಿ ತೊಡಂಗಿಲ್ಲಂತ ಅಣ್ಣಾ. ನನ್ನ ಕೈ ತಯಾರೇ ಅದಾವ." ನಗಲು ನೋಡಿದಳು, ಆಗಲಿಲ್ಲ. "ಅವತ್ತು ನೀ ನನ್ನ ಕೈ ಕೇಳ್ದಿ. ಯಾಕ ಅನ್ಲಿಲ್ಲ ನಾ. ಇವತ್ತು ನಿನ್ನ ಕೈ ಕೇಳ್ಲಾಕತ್ತೀನಿ."

ಸಹಿ ಹಾಕಿದೆ. ನಮ್ಮ ಆಫೀಸಿನಲ್ಲಾಗಿದ್ದರೆ ಆ ಸಹಿಯನ್ನು ನನ್ನದೆಂದು ಯಾರೂ ಒಪ್ಪುತ್ತಿರಲಿಲ್ಲ, ಅಷ್ಟು ಸೊಟ್ಟಗಿತ್ತು.

ಶನಿವಾರ ಅವಳು ಹೋದಳು. ಇವತ್ತು ರೊಟ್ಟಿ ನಾನೇ ಬಡಿದೆ, ಎರಡೂ ಕಡೆ ಸುಟ್ಟೆ. ಬಾಗಿಲು ಸಪ್ಪಳವಾದರೆ ಸಾಕು, ಕ್ಯಾಂಪಿನಿಂದ ಯಾರಾದರೂ ಬಂದರೇ ಎಂದು ಎದ್ದು ನಿಲ್ಲುತ್ತೇನೆ. ಬಂದವರು ಏನು ಹೇಳಬಹುದು ಎಂದು ಯೋಚಿಸಲೂ ಭಯ.

ಡಾಕ್ಟರ್ ಜೊತೆ ಮನೆಮನೆಗೂ ಅವಳನ್ನು ಕಳಿಸುತ್ತಾರಂತೆ. ಒಂದು ದಿನ ನಿಮ್ಮ ಬಾಗಿಲಿಗೂ ಬಂದಾಳು. ಬಿಳಿ ಸೀರೆ, ಬರಿಗೈ, ಗುರುತು ಹಿಡಿಯುವುದು ಕಷ್ಟವಲ್ಲ.

ಆಗ ನಿಮ್ಮ ಪರದೆಯೊಳಗಿನಿಂದ ಯಾರ ಕೈ ಹೊರಗೆ ಬರುತ್ತದೆ?