ದಂಡೆಯ ಮೇಲಿನ ನಾವಿಕ

ಮೂವತ್ತೆಂಟು ವರ್ಷದ, ಇಬ್ಬರು ಮಕ್ಕಳ ತಂದೆಯಾದ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಹಾನಗಲ್ಲಿನ ಆನೆಕೆರೆಯ ನೀರಿಗೆ ಕಾಲಿಡುವಂತಿರಲಿಲ್ಲ. ಅವ್ವನ ಕಟ್ಟಪ್ಪಣೆ. ನೀವು ನಗುತ್ತೀರೆಂದು ಗೊತ್ತು. ನಗಿ, ನನ್ನ ಹೆಂಡತಿ ಮದುವೆಯಾದಂದಿನಿಂದ ನಗುತ್ತಲೇ ಇದ್ದಳು. ಅವಳು ಹಿರೇಕೆರೂರಿನವಳು, ನಡೆಯುವುದಕ್ಕಿಂತ ಮೊದಲೇ ಈಜು ಕಲಿತೆ ಎಂದು ಹೇಳಿಕೊಳ್ಳುತ್ತಾಳೆ. ಊರಿನ ಹೆಸರಲ್ಲೇ ಕೆರೆ ಇಟ್ಟುಕೊಂಡವರು ಸ್ವಲ್ಪ ಹೆಚ್ಚಿಗೆ ಹೇಳುವುದು ಸಹಜ.

ಆಗಿದ್ದೇನೆಂದರೆ, ನಾಲ್ಕು ವರ್ಷದವನಿದ್ದಾಗ ಅವ್ವ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲಿಂದ ಜಾರಿ ನಾನು ಕೆರೆಗೆ ಬಿದ್ದೆ. ಕುರಿ ತೊಳೆಯಲು ಬಂದಿದ್ದ ಪುಣ್ಯಾತ್ಮನೊಬ್ಬ ಜುಟ್ಟು ಹಿಡಿದು ಮೇಲೆತ್ತಿದ. ಅವನು ಎತ್ತುವಷ್ಟರಲ್ಲಿ ಅವ್ವ ಹರಕೆ ಹೊತ್ತಾಗಿತ್ತು. ಕೆರೆಯ ತಾಯಿ ಗಂಗವ್ವಾ, ಮಗ ಉಳಿದರೆ ನಡುಗೆರೆಯಲ್ಲಿ ನಿನ್ನ ಉಡಿ ತುಂಬುತ್ತೇನೆ, ಅಲ್ಲಿಯತನಕ ಇವನ ಕಾಲು ನಿನ್ನ ನೀರಿಗೆ ತಾಗಿಸುವುದಿಲ್ಲ ಎಂದು. ದಂಡೆಯಲ್ಲಿ ಎಂದಿದ್ದರೆ ಅಂದೇ ತೀರುತ್ತಿತ್ತು. ಗಾಬರಿಯಲ್ಲಿ ನಡುಗೆರೆ ಎಂದುಬಿಟ್ಟಳು.

ನಡುಗೆರೆಗೆ ಹೋಗುವವರು ಯಾರು? ಅಂದಿನಿಂದ ಅವ್ವನಿಗೆ ಹಂಡೆಯ ನೀರು ಕಂಡರೂ ತಲೆ ತಿರುಗುತ್ತಿತ್ತು. ಮೀನು ಹಿಡಿಯುವವರ ತೆಪ್ಪದಲ್ಲಿ ಕಳಿಸೋಣವೆಂದರೆ, ಹರಕೆ ನಮ್ಮ ಕೈಯಿಂದಲೇ ಮುಟ್ಟಬೇಕು, ಕೂಲಿ ಕೊಟ್ಟು ಕಳಿಸುವ ಗಂಟಲ್ಲ ಎನ್ನುತ್ತಿದ್ದಳು. ಹೆಂಡತಿ ತಾನೇ ಈಜಿಕೊಂಡು ಹೋಗುತ್ತೇನೆಂದಳು. ಅವಳಿಗೇನಾದರೂ ಆದರೆ ಎರಡನೇ ಹರಕೆ ಹೊರುವ ಶಕ್ತಿ ತನಗಿಲ್ಲವೆಂದು ಅವ್ವ ಅದನ್ನೂ ತಳ್ಳಿಹಾಕಿದಳು. ಹಾಗಾಗಿ ಪ್ರತಿ ಶ್ರಾವಣದಲ್ಲಿ ದಂಡೆಯಲ್ಲೇ ಬಾಳೆಎಲೆಯ ಮೇಲೆ ಉಡಿಯ ಸಾಮಾನಿಟ್ಟು ತೇಲಿಬಿಟ್ಟು ತಪ್ಪೊಪ್ಪಿಕೊಳ್ಳುತ್ತಿದ್ದಳು. ಪಡುವಣ ಗಾಳಿ ಅರ್ಧ ಗಳಿಗೆಯಲ್ಲಿ ಎಲ್ಲವನ್ನೂ ಅವಳ ಕಾಲಬುಡಕ್ಕೆ ತಂದು ಹಾಕುತ್ತಿತ್ತು. ಎಲೆಗಳನ್ನು ಆಡುಗಳು ತಿನ್ನುತ್ತಿದ್ದವು. ಗಂಗವ್ವ ಒಲ್ಲೆನೆಂದಳು ಎಂದು ಅವ್ವ ಆ ದಿನ ಊಟ ಮಾಡುತ್ತಿರಲಿಲ್ಲ. ನಗುವ ಹೆಂಡತಿಯೂ ಆ ದಿನ ನಗುತ್ತಿರಲಿಲ್ಲ.

ಇಂಥ ಮನೆಗೆ ದೋಣಿ ಬಂತು. ಎಂಬತ್ತರ ದಶಕದ ಮೊದಲ ವರ್ಷಗಳು. ಸವಣೂರಿನಲ್ಲಿ ರೇಡಿಯೊ ರಿಪೇರಿ ಮಾಡುವ ಗಫಾರಸಾಬರು ನನ್ನ ಹಳೆಯ ಗೆಳೆಯರು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಪರದೇಶದಿಂದ ಒಂದು ಪೆಟ್ಟಿಗೆ ತಂದಿದ್ದ. ಮುಚ್ಚಳದ ಮೇಲೆ ತೋಪು ಹೊತ್ತ ಯುದ್ಧದೋಣಿಯ ಚಿತ್ರ, ಒಳಗೆ ಇನ್ನೂರು ಚಿಲ್ಲರೆ ತುಂಡುಗಳು, ದಂಡೆಯಲ್ಲೇ ನಿಂತು ನಡೆಸಲು ಎರಡು ಕಡ್ಡಿಗಳ ರಿಮೋಟು, ಜಪಾನಿ ಭಾಷೆಯ ಒಂದು ಪುಸ್ತಕ. ಕಟ್ಟುವ ಕೆಲಸ ನನ್ನದು, ತಂತಿ ಜೋಡಿಸುವುದು ತಮ್ಮದು ಎಂದು ಸಾಬರು ನಿರ್ಧರಿಸಿದರು. ಪೂರ್ತಿ ಇದ್ದ ವಸ್ತುವನ್ನು ಬಿಚ್ಚಿ ತುಂಡು ಮಾಡಿ ಮಾರುವ ಜನ, ಅದನ್ನು ದುಡ್ಡು ಕೊಟ್ಟು ತಂದು ಕೂಡಿಸುವ ಜನ, ಇಬ್ಬರಲ್ಲಿ ಯಾರು ಜಾಣರೆಂದು ನಾನು ಇಂದಿಗೂ ಯೋಚಿಸುತ್ತೇನೆ. ಆದರೆ ಪಕ್ಕೆಲುಬಿನಂಥ ತೆಳು ಹಲಗೆಗಳು ಒಂದಕ್ಕೊಂದು ಸೇರಿ ದೋಣಿಯ ಹೊಟ್ಟೆ ಕಾಣಿಸಿಕೊಂಡ ಸಂಜೆ ನಾನು ಪಟ್ಟ ಸಂತೋಷದ ಬಗ್ಗೆ ಮಾತ್ರ ಯೋಚಿಸಬೇಕಾಗಿಲ್ಲ. ಮೊದಲ ಸಂಬಳದ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಪೆಟ್ಟಿಗೆಯ ಅಂಟು ಒಣಗಿ ಕಲ್ಲಾಗಿತ್ತು. ಬಡಿಗೇರ ಮನೆಯ ಅಂಟು ಕಾಯಿಸಿ ತಂದು ಹಚ್ಚಿದೆ. ಅದು ನೀರಿನಲ್ಲಿ ಕರಗುತ್ತದೆಂದು ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲ. ಕೆರೆ ನನಗೆ ನಿಷಿದ್ಧವಾದ್ದರಿಂದ ಎಮ್ಮೆ ನೀರು ಕುಡಿಯುವ ಕಲ್ಲಿನ ಬಾನಿಯಲ್ಲೇ ನಮ್ಮ ಪರೀಕ್ಷೆ. ಮೊದಲ ದಿನ ದೋಣಿ ಬಹಳ ಮರ್ಯಾದೆಯಿಂದ, ಸದ್ದಿಲ್ಲದೆ ಬಿಚ್ಚಿಕೊಂಡು ಮತ್ತೆ ಇನ್ನೂರು ಚಿಲ್ಲರೆ ತುಂಡಾಯಿತು. ಎಮ್ಮೆ ಒಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಹುಬ್ಬಳ್ಳಿಯಿಂದ ಎರಡು ಟ್ಯೂಬು ಕಲಸಿ ಹಚ್ಚುವ ಅಂಟು ತರಿಸಿ ಹೊಸದಾಗಿ ಶುರುಮಾಡಿದೆ. ದೋಣಿಯನ್ನು ಹಿಂದಿನಿಂದ ತಳ್ಳುವ ಫಂಕದ ಸಲಾಕೆಯ ಸಂದಿನಿಂದ ನೀರು ಬರುತ್ತಿತ್ತು, ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ತುಂಬಿದಾಗ ನಿಂತಿತು. ಕೆರೆಯ ಜೊಂಡು ಫಂಕಕ್ಕೆ ಸುತ್ತೀತೆಂದು ಚಹಾ ಸೋಸುವ ಜಾಲರಿ ಕತ್ತರಿಸಿ ಕಾವಲಿಟ್ಟೆ. ಎರಡು ದಿನ ಮನೆಯವರೆಲ್ಲ ಚಹಾಪುಡಿ ಅಗಿಯುತ್ತಾ ಚಹಾ ಕುಡಿದರು. ಕೊನೆಗೆ ಕಟಕಟೆ, ದೀಪದ ಕಂಬ, ಬೆರಳುಗುರಿನಷ್ಟು ದೊಡ್ಡ ಮೂವರು ನಾವಿಕರು, ಎಲ್ಲಕ್ಕೂ ಬಣ್ಣ. ಅದಕ್ಕೇ ಮೂರು ತಿಂಗಳು ಹಿಡಿಯಿತು.

ಅವ್ವ ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದಳು. ಒಂದು ದಿನ ಬಾನಿಯ ಹತ್ತಿರ ಬಂದು ನಿಂತಳು.

“ಇದನ್ನ ನಡಸಾವ ನೀನ ಹೌದಲ್ಲೊ? ಇಲ್ಲೆ ದಂಡಿ ಮ್ಯಾಲ ನಿಂತು?”

“ಹೌದಬೇ.”

“ನೀ ಹೋಗಂದಲ್ಲಿ ಹೊಕ್ಕೈತಿ?”

“ಹೋಗತೈತಿ.”

“ಹಂಗಾದ್ರ ಅದು ಮುಟ್ಟಿಸಿದ್ದು ನಿನ್ನ ಕೈಲೆ ಮುಟ್ಟಿಸಿದಂಗ ಆತು,” ಎಂದಳು.

ಧರ್ಮಶಾಸ್ತ್ರಕ್ಕೆ ರಿಮೋಟು ಕಂಟ್ರೋಲಿನ ಪ್ರಶ್ನೆ ಹಿಂದೆ ಯಾವಾಗಲಾದರೂ ಬಂದಿತ್ತೋ ಇಲ್ಲವೋ, ನಮ್ಮವ್ವ ಅದನ್ನು ಎಮ್ಮೆಯ ಬಾನಿಯ ಪಕ್ಕದಲ್ಲಿ ನಿಂತು ಇತ್ಯರ್ಥ ಮಾಡಿದಳು. ವಿಷಯ ಕೇಳಿ ಗಫಾರಸಾಬರು ನನಗಿಂತ ಹೆಚ್ಚು ಹುರುಪುಗೊಂಡರು. ದೋಣಿ ಉಡಿಯನ್ನು ಒಯ್ದರೆ ಸಾಲದು, ನಡುವೆ ಬಿಟ್ಟು ಬರಬೇಕು. ಇದ್ದದ್ದು ಎರಡೇ ಕಡ್ಡಿ, ಒಂದು ವೇಗಕ್ಕೆ, ಇನ್ನೊಂದು ಚುಕ್ಕಾಣಿಗೆ. ಸಾಬರು ಚುಕ್ಕಾಣಿಗೊಂದು ದಾರ ಕಟ್ಟಿದರು. ಪೂರ್ತಿ ಎಡಕ್ಕೆ ತಿರುಗಿಸಿದರೆ ಒಂದು ಗೂಟ ಕಳಚಿ ಹಿಂದಿನ ಬಾಗಿಲು ಬಿದ್ದು, ತಾಟು ಜಾರಿ ನೀರಿಗೆ. ತೋಪು ಕಿತ್ತು ಆ ಜಾಗದಲ್ಲಿ ತಾಟು ಕೂರಿಸಿದೆವು. ಉಡಿಯ ತೆಂಗಿನಕಾಯಿಯ ತೂಕಕ್ಕೆ ಬಟಾಟೆ ಇಟ್ಟು ಬಾನಿಯಲ್ಲಿ ಹದಿನೇಳು ಸಲ ನೋಡಿದೆವು. ಹದಿನೇಳು ಸಲವೂ ಬಟಾಟೆ ತಳ ಕಂಡಿತು. ಅಷ್ಟೂ ಬಟಾಟೆಯ ಪಲ್ಯ ಮಾಡಿದ್ದಾಯಿತು.

ಕೆರೆ ತುಂಬಿದ ಶ್ರಾವಣದ ಒಂದು ಶುಕ್ರವಾರ ಗೊತ್ತಾಯಿತು. ಗಂಗವ್ವನಿಗೂ ಅದೇ ವಾರ ಆಗಬೇಕು, ಸಾಬರ ಅಂಗಡಿಗೂ ಅದೇ ವಾರ ರಜೆ. ಸಾಬರು ಬೆಳಗಿನ ಬಸ್ಸಿಗೇ ಬಂದಿಳಿದರು. ದಂಡೆಯಲ್ಲಿ ಅವ್ವ ಉಡಿಯ ಸಾಮಾನು ಬಿಚ್ಚಿದಳು. ಅಕ್ಕಿಆಲೂರಿನ ಸಂತೆಯಿಂದ ಹುಡುಕಿ ತರಿಸಿದ ದೊಡ್ಡ ಕಾಯಿ, ಐದು ಹಿಡಿ ಅಕ್ಕಿ, ರವಿಕೆಯ ಖಣ, ಅರಿಷಿಣದ ಬೇರು. ನಮ್ಮ ಲೆಕ್ಕಕ್ಕಿಂತ ಒಂದೂವರೆ ಪಾಲು. ಸಣ್ಣ ಕಾಯಿ ಇಡೋಣವೇ ಎಂದೆ.

“ಮೂವತ್ತನಾಕು ವರ್ಷ ಕಾದಾಳ. ಆಕಿಗೆ ತೂಕ ಹಾಕಿ ಕೊಡತಿ?”

ಸಾಬರು ನನ್ನ ಮುಖ ನೋಡಿದರು, ನಾನು ದೋಣಿಯ ಮುಖ ನೋಡಿದೆ. ಆಮೇಲೆ ಕಟಕಟೆ ಕಿತ್ತೆ. ದೀಪದ ಕಂಬ ಕಿತ್ತೆ, ನಾವಿಕರ ಕೋಣೆಯನ್ನು ಬುಡಸಮೇತ ಎಬ್ಬಿಸಿದೆ. ಮೂವರು ನಾವಿಕರನ್ನು ಎಬ್ಬಿಸುವಾಗ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. ಉಳಿದದ್ದು ಬೋಳು ಹೊಟ್ಟೆ, ಒಂದು ತಾಟು. ಸಾಬರು ಅದನ್ನು ಮೆಲ್ಲಗೆ ನೀರಿಗಿಟ್ಟರು. ಅಂಚಿಗೆ ಎರಡು ಬೆರಳು ಉಳಿಯುವಷ್ಟು ಮುಳುಗಿ ನಿಂತಿತು.

ನಾನು ಕಡ್ಡಿ ಮುಂದೊತ್ತಿದೆ. ದೋಣಿ ತುಂಬು ಬಸುರಿಯ ಹಾಗೆ ಸಾವಕಾಶವಾಗಿ, ಅಲೆಗೊಮ್ಮೆ ತೂಗುತ್ತಾ ಹೊರಟಿತು. ದಂಡೆಯಲ್ಲಿ ಬಟ್ಟೆ ಒಗೆಯುವವರೆಲ್ಲ ಕೈ ನಿಲ್ಲಿಸಿ ಎದ್ದು ನಿಂತರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಡುಗೆರೆ ಬಂತು. ಪೂರ್ತಿ ಎಡಕ್ಕೆ ಎಳೆದೆ. ಗೂಟ ಕಳಚಿತು, ಬಾಗಿಲು ಬಿತ್ತು, ತಾಟು ಜಾರಿತು. ಅಕ್ಕಿ, ಖಣ, ಅರಿಷಿಣದ ಬೇರು ಎಲ್ಲ ಮುಳುಗಿದವು.

ಕಾಯಿ ಮಾತ್ರ ತೇಲಿತು.

ಬಟಾಟೆ ಮುಳುಗುತ್ತದೆ, ತೆಂಗಿನಕಾಯಿ ತೇಲುತ್ತದೆ. ತೇಲುವ, ಮುಳುಗುವ ವಸ್ತುಗಳ ಪಾಠವನ್ನು ನಾನು ಆ ತಿಂಗಳಷ್ಟೇ ಒಂಬತ್ತನೇ ಇಯತ್ತೆಗೆ ಮಾಡಿ ಮುಗಿಸಿದ್ದೆ. ಗಾಳಿ ಆ ಕಾಯಿಯನ್ನು ನೆಟ್ಟಗೆ ನಮ್ಮ ಕಡೆಗೇ ತರುತ್ತಿತ್ತು. ಹಗುರಾದ ದೋಣಿ ಮೊದಲು ಬಂದು ದಂಡೆ ಮುಟ್ಟಿತು, ಅದರ ಕಡೆಗೆ ಯಾರೂ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಕಾಯಿ ಬಂದು ಅವ್ವನ ಪಾದಕ್ಕೆ ತಾಗಿತು. ನಾನು ತಲೆ ಎತ್ತಲಿಲ್ಲ.

ಅವ್ವ ಬಗ್ಗಿ ಅದನ್ನು ಎತ್ತಿಕೊಂಡಳು, ಕಣ್ಣಿಗೊತ್ತಿಕೊಂಡಳು. ಮುಖವೆಲ್ಲ ನಗು.

“ದಂಡಿಯಿಂದ ತಿರುಗಿ ಬಂದ್ರ ಒಲ್ಲೆ ಅಂದಂಗ. ನಡುಗೆರಿಗೆ ಹೋಗಿ ಬಂದದ್ದು ಪ್ರಸಾದ. ಖಣಾ ತೊಟಗೊಂಡು, ಅಕ್ಕಿ ಉಡ್ಯಾಗ ಇಟಗೊಂಡು, ಕಾಯಿ ನಮಗ ಕೊಟ್ಟಾಳ.”

ಗಫಾರಸಾಬರು ನಿಟ್ಟುಸಿರು ಬಿಟ್ಟು, “ಹೌದ್ರಿ ಅವ್ವಾರ, ಅದಕ್ಕಂತನ ತೇಲೋ ಕಾಯಿ ಇಟ್ಟಿದ್ವಿ,” ಎಂದರು. ಅವರ ವ್ಯಾಪಾರ ಯಾಕೆ ಚೆನ್ನಾಗಿ ನಡೆಯುತ್ತದೆಂದು ನನಗೆ ಆಗ ತಿಳಿಯಿತು.

ಅವ್ವ ನನ್ನ ಕಡೆ ತಿರುಗಿ, ಹರಕಿ ಮುಟ್ಟಿತು, ಇನ್ನು ಹೋಗು ಎಂದಳು. ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಕೆರೆಗೆ ಕಾಲಿಟ್ಟೆ. ತಣ್ಣನೆಯ ನೀರು, ಬೆರಳ ಸಂದಿಯಲ್ಲಿ ಮೆತ್ತನೆಯ ಕೆಸರು. ನನಗೆ ಕುಣಿಯಬೇಕೆನಿಸಿತು. ಒಗೆಯುವವರು ನೋಡುತ್ತಿದ್ದರೆಂದು ಸುಮ್ಮನೆ ನಿಂತು ಹಲ್ಲು ಕಿಸಿದೆ.

“ಮೊಣಕಾಲ ಮಟ. ಮುಂದ ಬ್ಯಾಡ,” ಎಂದಳು ಅವ್ವ.

ಅವಳು ಕಾಯಿ ಒಡೆಯಲು ಕಲ್ಲಿನ ಕಡೆ ಹೊರಳಿದಳು. ಬೆನ್ನು ಕಂಡದ್ದೇ ನಾನು ಇನ್ನೊಂದು ಹೆಜ್ಜೆ ಮುಂದಿಟ್ಟೆ. ತಿರುಗಿ ನೋಡದೆಯೇ “ನಿನಗ ಹೇಳಿದ್ದು” ಎಂದಳು. ತೆಪ್ಪಗೆ ಹಿಂದೆ ಬಂದೆ. ರಿಮೋಟೂ ಬ್ಯಾಟರಿಯೂ ಇಲ್ಲದೆ ದಂಡೆಯಿಂದ ನಡೆಸುವ ವಿಧಾನವೊಂದಿದೆ, ಅದು ಜಪಾನಿನವರ ಪುಸ್ತಕದಲ್ಲಿ ಇದ್ದಿರಲಾರದು.